ಅಪರಾಧಶಾಸ್ತ್ರದ ವಿದ್ಯಾರ್ಥಿ ಮತ್ತು ದಾಖಲೆಯ ಓದು

ಅಪರಾಧಶಾಸ್ತ್ರವನ್ನು ಪೊಲೀಸ್ ನೌಕರಿಯ ಮೆಟ್ಟಿಲೆಂದಷ್ಟೇ ತಿಳಿಯುವ ವಾಡಿಕೆಯಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ಬೋಧನೆಗೊಳ್ಳುತ್ತಿರುವ ಈ ಶಿಸ್ತು ವಾಸ್ತವವಾಗಿ ಸಮಾಜಶಾಸ್ತ್ರ, ಕಾನೂನು, ಮನಶ್ಶಾಸ್ತ್ರ ಹಾಗೂ ವಿಧಿವಿಜ್ಞಾನಗಳ ಸಂಗಮ. ಇದರ ವಿದ್ಯಾರ್ಥಿಯು ಮೊದಲು ಗಳಿಸಬೇಕಾದ ಕೌಶಲವೆಂದರೆ ದಾಖಲೆಯನ್ನು ಓದುವುದು. ಬೋರನಕಣಿವೆಯ ಪರಿಸರವೇ ಇದಕ್ಕೆ ನಿದರ್ಶನ ಒದಗಿಸುತ್ತದೆ.

ಸುವರ್ಣಮುಖಿಗೆ ಕಟ್ಟಿದ ಬೋರನಕಣಿವೆ ಜಲಾಶಯವಿರುವ ಚಿಕ್ಕನಾಯಕನಹಳ್ಳಿ ತಾಲ್ಲೂಕು ತೆಂಗಿನ ಸೀಮೆ. ಕಬ್ಬಿಣ, ಮ್ಯಾಂಗನೀಸ್ ಅದಿರಿನ ನೆಲವೂ ಹೌದು. ಕೊಬ್ಬರಿ ಕಳುವಾದರೆ ಒಡೆಯನು ಠಾಣೆಗೆ ಹೋಗುತ್ತಾನೆ. ಎಲ್ಲೆ ಮೀರಿ ಬಗೆದ ಗುಡ್ಡಕ್ಕೆ ಅಂಥ ದೂರುದಾರನು ಸುಲಭವಾಗಿ ದೊರೆಯನು. ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಗೆ ವಿಧಿಸಿದ್ದ ತಡೆಯನ್ನು 2011ರ ಆಗಸ್ಟ್‌ನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳಿಗೂ ವಿಸ್ತರಿಸಿತು. ಗುತ್ತಿಗೆಯ ನಕ್ಷೆಗಳನ್ನು ನೆಲದ ಅಳತೆಯೊಡನೆ ಹೋಲಿಸಿ, ಗಣಿಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಲಾಯಿತು. ಗುತ್ತಿಗೆಯ ಹೊರಗೆ ಅಗೆದ ಪ್ರದೇಶವು ಅದರ ವಿಸ್ತೀರ್ಣದ ಶೇಕಡಾ 10ನ್ನು ಮೀರಿದ ಗಣಿಗಳು ಸಿ ವರ್ಗಕ್ಕೆ ಸೇರಿದವು. 2013ರ ಏಪ್ರಿಲ್ 18ರ ತೀರ್ಪು ಆ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಇಲ್ಲಿ ಸಾಕ್ಷಿ ನುಡಿದದ್ದು ನಕ್ಷೆ ಮತ್ತು ಅಳತೆ. ಪ್ರತಿಷ್ಠಿತರು ತಮ್ಮ ವೃತ್ತಿಯೊಳಗಿದ್ದೇ ಎಸಗುವ ಅಪರಾಧವನ್ನು ಎಡ್ವಿನ್ ಸದರ್‌ಲ್ಯಾಂಡ್ 1939ರಲ್ಲಿಯೇ ಅಧ್ಯಯನದ ವಸ್ತುವಾಗಿಸಿದ್ದನು.

ಅಂಕಿಅಂಶಗಳಿಗೂ ಇದೇ ಎಚ್ಚರ ಅಗತ್ಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯು ಒಂದು ಪ್ರಥಮ ವರ್ತಮಾನ ವರದಿಯಲ್ಲಿ ಹಲವು ಅಪರಾಧಗಳಿದ್ದರೂ ಅತಿ ಗಂಭೀರವಾದ ಒಂದನ್ನೇ ಎಣಿಸುತ್ತದೆ. ದಾಖಲಾಗದ ಅಪರಾಧವಂತೂ ಕೋಷ್ಟಕಕ್ಕೆ ಬರುವುದೇ ಇಲ್ಲ. ಈ ನಿಯಮವರಿಯದೆ ಸಂಖ್ಯೆಗಳನ್ನು ಹೋಲಿಸುವವನು ತಪ್ಪು ತೀರ್ಮಾನಕ್ಕೆ ಬರುವನು.

ಉದ್ಯೋಗದ ದೃಷ್ಟಿಯಿಂದಲೂ ಈ ಅಭ್ಯಾಸ ಫಲಕಾರಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರ ಸ್ಥಳ ಭೇಟಿಯನ್ನು ಕಡ್ಡಾಯಗೊಳಿಸಿ, ಅದನ್ನು ಹಂತಹಂತವಾಗಿ ಅನುಷ್ಠಾನಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಧಿ ನೀಡಿದೆ. ಇಂಥ ಕೆಲಸಕ್ಕೆ ವಿಜ್ಞಾನದ ತಿಳಿವಿನೊಡನೆ ಸ್ಥಳ ಮಹಜರನ್ನು ಸ್ಪಷ್ಟ ಕನ್ನಡದಲ್ಲಿ ಬರೆಯುವ, ಸಂಖ್ಯಾಶಾಸ್ತ್ರವನ್ನು ಬಳಸುವ, ನೊಂದವರ ಮಾತನ್ನು ತಾಳ್ಮೆಯಿಂದ ಕೇಳುವ ಸಾಮರ್ಥ್ಯ ಬೇಕು. ಕಾರಾಗೃಹ ಸುಧಾರಣೆ, ಪರಿವೀಕ್ಷಣೆ, ಬಾಲನ್ಯಾಯ ಹಾಗೂ ಸಂಶೋಧನಾ ಕ್ಷೇತ್ರಗಳಿಗೂ ಇವೇ ಆಧಾರ.

ಹಳ್ಳಿಯ ವಿದ್ಯಾರ್ಥಿಗೆ ಊರಿನ ಪಹಣಿ, ಗಡಿಕಲ್ಲು, ಆಡುಮಾತುಗಳ ಪರಿಚಯ ಸಹಜವಾಗಿಯೇ ಇರುತ್ತದೆ. 2005ರ ಮಾಹಿತಿ ಹಕ್ಕು ಅಧಿನಿಯಮದ ಮೂಲಕ ಪಡೆದ ಕಾಗದಪತ್ರಗಳೊಡನೆ ಆ ತಿಳಿವಳಿಕೆಯನ್ನು ಕೂಡಿಸಿದರೆ, ದೂರುದಾರರಿಲ್ಲದ ನಷ್ಟಕ್ಕೂ ಲೆಕ್ಕ ದೊರೆಯುತ್ತದೆ.