ಸವಾರಿಗೆ ಒದಗುವ ಕಿರು ಉಗಿ ಎಂಜಿನ್ನು: ಪ್ರಮಾಣದ ಕೆಲವು ಪ್ರಶ್ನೆಗಳು

ಯಂತ್ರವೊಂದರ ಪ್ರತಿಕೃತಿಯನ್ನು ರಚಿಸುವುದೆಂದರೆ ಅದರ ಅಳತೆಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಭಾಗಿಸುವುದೆಂಬ ಭಾವನೆ ಸಾಮಾನ್ಯವಾಗಿದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಮಾದರಿಗೆ ಈ ನಿಯಮ ಸಾಕು. ಆದರೆ ಕಲ್ಲಿದ್ದಲನ್ನು ಉರಿಸಿ, ಉಗಿಯನ್ನೆಬ್ಬಿಸಿ, ಮನುಷ್ಯರನ್ನು ಕೂರಿಸಿಕೊಂಡು ಎಳೆಯಬೇಕಾದ ಮಾದರಿಗೆ ಇದು ಸಾಲದು. ಲೋಹವನ್ನು ನಾವು ಕಿರಿದುಗೊಳಿಸಬಲ್ಲೆವು. ನೀರು, ಬೆಂಕಿ, ಗುರುತ್ವಾಕರ್ಷಣೆ, ಸವಾರನ ದೇಹ ಇವನ್ನು ಕಿರಿದುಗೊಳಿಸಲಾರೆವು. ಈ ವಿರೋಧವನ್ನು ಹೇಗೆ ಪರಿಹರಿಸಬೇಕೆಂಬುದನ್ನು ಇಲ್ಲಿ ಒಂದು ನಿದರ್ಶನದ ಮೂಲಕ ವಿಚಾರಿಸೋಣ.

ಡಾರ್ಜಿಲಿಂಗ್ ಹಿಮಾಲಯ ರೈಲುಮಾರ್ಗದ ‘ಬಿ’ ವರ್ಗದ ಎಂಜಿನ್ನು ನಮ್ಮ ನಿದರ್ಶನ. 1881ರಲ್ಲಿ ಡಾರ್ಜಿಲಿಂಗನ್ನು ಮುಟ್ಟಿದ ಈ ಮಾರ್ಗದ ಗೇಜು, ಎಂದರೆ ಕಂಬಿಗಳ ನಡುವಣ ಅಂತರ, 2 ಅಡಿ. 1889ರಲ್ಲಿ ಶಾರ್ಪ್ ಸ್ಟುವರ್ಟ್ ಸಂಸ್ಥೆಯವರು ಮೊದಲು ನಿರ್ಮಿಸಿದ ಈ ವರ್ಗಕ್ಕೆ ಇರುವುದು ನಾಲ್ಕೇ ಗಾಲಿಗಳು. ನಾಲ್ಕೂ ಚಾಲಕ ಗಾಲಿಗಳೇ. ಸಿಲಿಂಡರಿನ ವ್ಯಾಸ 11 ಅಂಗುಲ, ಪಿಸ್ಟನ್ನಿನ ಓಟ 14 ಅಂಗುಲ, ಗಾಲಿಯ ವ್ಯಾಸ 26 ಅಂಗುಲ, ಉಗಿಯ ಒತ್ತಡ ಚದರಂಗುಲಕ್ಕೆ 140 ಪೌಂಡು, ತೂಕ ಸುಮಾರು 15 ಟನ್ನು.

ಸವಾರಿಯ ಮಾದರಿಗಳಿಗೆ ರೂಢಿಯಲ್ಲಿರುವ ಗೇಜುಗಳಲ್ಲಿ 5 ಅಂಗುಲದ್ದು ಒಂದು. 4 ಅಡಿ 8½ ಅಂಗುಲದ ದೊಡ್ಡ ಮಾರ್ಗದ ಎಂಜಿನ್ನನ್ನು ಇದಕ್ಕೆ ಇಳಿಸಿದರೆ ಪ್ರಮಾಣ 1:11.3 ಆಗುತ್ತದೆ, 2 ಅಡಿಯ ಮಾರ್ಗದ್ದನ್ನು ಇಳಿಸಿದರೆ 1:4.8 ಮಾತ್ರ. ಮೂಲದಲ್ಲಿ 1 ಅಂಗುಲ ದಪ್ಪವಿರುವ ಕೀಲು ಮೊದಲನೆಯದರಲ್ಲಿ ಅಂಗುಲದ ಹನ್ನೊಂದನೆಯ ಒಂದು ಪಾಲಿಗಿಂತ ತೆಳುವಾದರೆ, ಎರಡನೆಯದರಲ್ಲಿ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ಇರುತ್ತದೆ. ಬೆಂಕಿಗೂಡಿನೊಳಗೆ ಸಲಿಕೆ ಆಡಬಲ್ಲದು. ಕವಾಟಗಳು ಕೈಗೆ ಸಿಕ್ಕುತ್ತವೆ. ಸಣ್ಣ ರೈಲಿನಿಂದ ದೊಡ್ಡ ಮಾದರಿ ಲಭಿಸುತ್ತದೆಂಬ ಈ ವೈಚಿತ್ರ್ಯವೇ ನ್ಯಾರೋಗೇಜ್ ಎಂಜಿನ್ನುಗಳನ್ನು ಆರಿಸಿಕೊಳ್ಳಲು ಮುಖ್ಯ ಕಾರಣ.

ಇನ್ನು ಎಳೆಯುವ ಶಕ್ತಿ. ರೂಢಿಯ ಸೂತ್ರದಂತೆ ಉಗಿಯ ಒತ್ತಡದ ಶೇಕಡ 85ನ್ನು ಸಿಲಿಂಡರಿನ ವ್ಯಾಸದ ವರ್ಗದಿಂದಲೂ ಪಿಸ್ಟನ್ನಿನ ಓಟದಿಂದಲೂ ಗುಣಿಸಿ, ಗಾಲಿಯ ವ್ಯಾಸದಿಂದ ಭಾಗಿಸಬೇಕು. ಮೂಲ ಎಂಜಿನ್ನಿಗೆ ಇದು ಸುಮಾರು 7,750 ಪೌಂಡು. ಅದರ ತೂಕದ ಕಾಲುಭಾಗಕ್ಕಿಂತ ಸ್ವಲ್ಪ ಕಡಮೆ. ಕಂಬಿಯ ಮೇಲೆ ಗಾಲಿಯ ಹಿಡಿತ ತೂಕದ ಕಾಲುಭಾಗದಷ್ಟಿರುತ್ತದೆಂದು ಎಣಿಸುವುದರಿಂದ ಈ ಹೊಂದಾಣಿಕೆ ಸರಿಯಾಗಿದೆ. ಮಾದರಿಯಲ್ಲಿ ಒತ್ತಡ ಅಷ್ಟೇ ಇದ್ದರೆ ಎಳೆತ 4.8ರ ವರ್ಗಕ್ಕೆ ಅನುಸಾರವಾಗಿ 23ನೆಯ ಒಂದು ಪಾಲಿಗೆ ಇಳಿಯುತ್ತದೆ. ತೂಕವಾದರೋ ಘನಕ್ಕೆ ಅನುಸಾರವಾಗಿ 110ನೆಯ ಒಂದು ಪಾಲಿಗೆ ಇಳಿಯುತ್ತದೆ. ಎಂಜಿನ್ನಿನ ತೂಕ ಸುಮಾರು 300 ಪೌಂಡು, ಎಳೆತ 330 ಪೌಂಡಿಗೂ ಮೇಲೆ! ಆದರೆ ಕಂಬಿಯ ಹಿಡಿತ 75 ಪೌಂಡು ಮಾತ್ರ. ಉಗಿಯನ್ನು ಪೂರ್ಣವಾಗಿ ಬಿಟ್ಟೊಡನೆ ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗುವುವೇ ಹೊರತು ಗಾಡಿ ಮುಂದೆ ಸಾಗದು. ಆದ್ದರಿಂದ ಸಿಲಿಂಡರಿನ ವ್ಯಾಸವನ್ನೂ ಒತ್ತಡವನ್ನೂ ತಗ್ಗಿಸುವುದು, ಕಣ್ಣಿಗೆ ಬೀಳದ ಎಡೆಗಳಲ್ಲಿ ಸೀಸವನ್ನು ಸೇರಿಸುವುದು ಯುಕ್ತ.

ಹಿಡಿತವನ್ನು ಮೀರದ ಈ ಎಳೆತವೂ ಸಮತಟ್ಟಿನಲ್ಲಿ ಧಾರಾಳವಾಗಿದೆ. ಎಂಜಿನ್ನು, ಗಾಡಿಗಳು, ನಾಲ್ವರು ಸವಾರರು ಸೇರಿ 1,100 ಪೌಂಡಾದರೆ, ಪ್ರತಿರೋಧ ಐವತ್ತನೆಯ ಒಂದು ಪಾಲೆಂದು ಹಿಡಿದರೂ 22 ಪೌಂಡಷ್ಟೆ. ಆದರೆ 20ಕ್ಕೆ 1ರಂತೆ ಏರುವ ದಾರಿಯಲ್ಲಿ ಇನ್ನೂ 55 ಪೌಂಡು ಸೇರಿ ಮಿತಿ ಮುಗಿಯುತ್ತದೆ. ಮೂಲ ಮಾರ್ಗದಲ್ಲಿಯೂ ಕಂಬಿಗೆ ಮರಳು ಹಾಕಲು ಎಂಜಿನ್ನಿನ ಮುಂಭಾಗದಲ್ಲಿ ಆಳುಗಳು ಕುಳಿತಿರುತ್ತಿದ್ದರೆಂಬುದು ಸ್ಮರಣೀಯ.

ಬೆಂಕಿಯ ವಿಷಯ ಇನ್ನೂ ಸೂಕ್ಷ್ಮವಾದುದು. ಕಿರಿಯ ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿಸಿ ಮನುಷ್ಯರನ್ನು ಎಳೆಯುವುದು ಸಾಧ್ಯವೆಂಬುದನ್ನು 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ‘ಎಲ್.ಬಿ.ಎಸ್.ಸಿ.’ ಎಂಬ ಅಂಕಿತದ ಲೇಖಕರು 2½ ಅಂಗುಲದ ಗೇಜಿನಲ್ಲಿಯೇ ತೋರಿಸಿಕೊಟ್ಟರು. ಆದರೆ ಮೂಲದ ಹೊಗೆನಾಳಗಳನ್ನು ಅದೇ ಸಂಖ್ಯೆಯಲ್ಲಿ ಕಿರಿದು ಮಾಡಿದರೆ ಬೂದಿ ಅವನ್ನು ಮುಚ್ಚುತ್ತದೆ. ಅನಿಲವೂ ಸುಲಭವಾಗಿ ಹರಿಯದು. ಆದುದರಿಂದ ನಾಳಗಳು ಸಂಖ್ಯೆಯಲ್ಲಿ ಕಡಮೆಯಾಗಿಯೂ ಪ್ರಮಾಣಕ್ಕಿಂತ ಅಗಲವಾಗಿಯೂ ಇರಬೇಕು. ಘನಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚಿರುವ ಕಾರಣ ಶಾಖ ಬೇಗ ಸೋರಿಹೋಗುತ್ತದೆ. ಬಾಯ್ಲರಿಗೆ ದಪ್ಪನೆಯ ಹೊದಿಕೆ ಅವಶ್ಯ.

ಈವರೆಗಿನ ತಪ್ಪುಗಳಿಂದ ಗಾಡಿ ನಿಲ್ಲಬಹುದು. ಮುಂದಿನವುಗಳಿಂದ ಪ್ರಾಣವೇ ಹೋಗಬಹುದು. ನೀರಿನ ಮಟ್ಟವನ್ನು ತೋರಿಸುವ ಗಾಜಿನ ನಳಿಗೆಯನ್ನು ಪ್ರಮಾಣಕ್ಕೆ ತಕ್ಕಂತೆ ಸಪುರವಾಗಿ ಮಾಡಿದರೆ, ಮೇಲ್ಮೈ ಎಳೆತದಿಂದ ನೀರು ಅದರಲ್ಲಿ ಮೇಲೇರಿ, ಇಲ್ಲದ ನೀರನ್ನು ಇದೆಯೆಂದು ತೋರಿಸುತ್ತದೆ. ಅದನ್ನು ನಂಬಿದವನ ಬೆಂಕಿಗೂಡಿನ ನೆತ್ತಿ ನೀರಿಲ್ಲದೆ ಕಾಯುತ್ತದೆ. ಈ ನಳಿಗೆಯೂ ರಕ್ಷಾಕವಾಟವೂ ಅಂದಕ್ಕೆ ಕುಂದಾದರೂ ದೊಡ್ಡವಾಗಿಯೇ ಇರತಕ್ಕದ್ದು. ತಾಮ್ರದ ತಗಡುಗಳನ್ನು ಬೆಳ್ಳಿಬೆಸುಗೆಯಿಂದ ಕೂಡಿಸಿದ ಬಾಯ್ಲರಿಗೆ ಮೊದಲು ತಣ್ಣೀರು ತುಂಬಿ, ಉಪಯೋಗದ ಒತ್ತಡದ ಎರಡರಷ್ಟನ್ನು ಹೇರಿ ಪರೀಕ್ಷಿಸುವುದು ವಾಡಿಕೆ. ನೀರು ಒತ್ತಡಕ್ಕೆ ಅತ್ಯಲ್ಪವಾಗಿ ಕುಗ್ಗುವುದರಿಂದ ಅದರಲ್ಲಿ ಸಂಗ್ರಹವಾಗುವ ಶಕ್ತಿ ಅತ್ಯಲ್ಪ. ಬೆಸುಗೆ ಬಿಟ್ಟರೆ ನೀರು ಚಿಮ್ಮಿ ಒತ್ತಡ ಕೂಡಲೇ ಇಳಿಯುತ್ತದೆ. ಉಗಿಯಾಗಿದ್ದರೆ ಬಾಯ್ಲರೇ ಸಿಡಿಯುತ್ತಿತ್ತು.

ಕೊನೆಯದಾಗಿ ಸವಾರ. 5 ಅಂಗುಲದ ಕಂಬಿಯ ಮೇಲೆ ಕುಳಿತವನ ಗುರುತ್ವಕೇಂದ್ರ 18 ಅಂಗುಲ ಎತ್ತರದಲ್ಲಿದ್ದು, ತಿರುವಿನ ತ್ರಿಜ್ಯ 33 ಅಡಿಯಾದರೆ, ಗಂಟೆಗೆ ಸುಮಾರು 8 ಮೈಲಿ ವೇಗದಲ್ಲಿ ಗಾಡಿ ಮಗುಚುವ ಸ್ಥಿತಿಗೆ ಬರುತ್ತದೆ. ಅದರ ಅರ್ಧ ವೇಗವನ್ನು ಮೀರದಿರುವುದು ಲೇಸು. ಸವಾರರ ಪೀಠ ತಗ್ಗಿನಲ್ಲಿರಬೇಕು. ಕಾಲಿಡುವ ಹಲಗೆಗಳು ಅದಕ್ಕಿಂತಲೂ ತಗ್ಗಿನಲ್ಲಿ ಇಕ್ಕೆಲಗಳಲ್ಲಿರಬೇಕು.

ಹೀಗೆ ಮೂಲಕ್ಕೆ ನಿಷ್ಠೆಯೆಂಬುದು ಹೊರರೂಪದಲ್ಲಿ ಒಂದು ಬಗೆ, ಕಾರ್ಯದಲ್ಲಿ ಇನ್ನೊಂದು ಬಗೆ. ಎರಡೂ ಕೂಡದ ಕಡೆ ಕಾರ್ಯಕ್ಕೂ, ಕಾರ್ಯಕ್ಕಿಂತ ಮೊದಲು ಕ್ಷೇಮಕ್ಕೂ ಮನ್ನಣೆ ಸಲ್ಲಬೇಕು. ಕಾಲೇಜಿನ ಕಾರ್ಯಾಗಾರದಲ್ಲಿ ಇಂಥದೊಂದು ಎಂಜಿನ್ನನ್ನು ಕೈಗೆತ್ತಿಕೊಂಡರೆ, ವರ್ಗ ಮತ್ತು ಘನಗಳ ಭೇದವನ್ನು ವಿದ್ಯಾರ್ಥಿಯು ಪುಟಗಳಲ್ಲಿ ಓದಿದುದಕ್ಕಿಂತ ಗಟ್ಟಿಯಾಗಿ ಜಾರುವ ಗಾಲಿಗಳಿಂದ ಕಲಿಯುವನೆಂದು ನಾವು ನಂಬುತ್ತೇವೆ.