ಇ-ಮೇಲಿನ ಕರಡೂ ಶಾಸನದ ಪಾಠವೂ

ಇತಿಹಾಸದ ಅಧ್ಯಾಪಕರಾದ ನಮಗೆ ಪತ್ರವೆಂಬುದು ನಿತ್ಯದ ಸಾಧನ. ನಮ್ಮ ಶಾಸ್ತ್ರಕ್ಕೆ ಆಕರವೂ ಅದೇ. ಇಂದು ವಿದ್ವಾಂಸರ ನಡುವಣ ಪತ್ರವ್ಯವಹಾರ ಬಹುಮಟ್ಟಿಗೆ ಇ-ಮೇಲ್ ಮೂಲಕವೇ ಸಾಗುತ್ತಿದೆ. ಮೇಜಿನ ಮೇಲಣ ಗಣಕದಲ್ಲಿ ಇ-ಮೇಲ್ ತಂತ್ರಾಂಶವನ್ನು ತೆರೆದು ಪತ್ರವನ್ನು ರಚಿಸುವಾಗಲೂ ತಿದ್ದುವಾಗಲೂ ಒದಗುವ ತೊಡಕುಗಳನ್ನು ಅನುಭವಿಸದವರು ವಿರಳ. ಬರೆದ ಸಾಲು ನಾವೆಣಿಸದ ಕಡೆ ಮುರಿಯುತ್ತದೆ. ಬೇರೆಡೆಯಿಂದ ತಂದು ಅಂಟಿಸಿದ ವಾಕ್ಯ ಬೇರೊಂದು ಗಾತ್ರದಲ್ಲಿ ಮೂಡುತ್ತದೆ. ಕೇಳದ ತಿದ್ದುಪಡಿ ತಾನಾಗಿ ಬಂದು ಕೂಡುತ್ತದೆ. ಇವನ್ನು ಸಣ್ಣ ಕಿರುಕುಳಗಳೆಂದು ಎಣಿಸಿ ಸುಮ್ಮನಾಗುವುದು ವಾಡಿಕೆ. ಆದರೆ ಪತ್ರದೊಳಗೆ ಒಂದು ಮೂಲಪಾಠವನ್ನಿಟ್ಟು ಕಳುಹಿಸಿದಾಗ ಇದೇ ಕಿರುಕುಳವು ಪ್ರಾಮಾಣ್ಯದ ಪ್ರಶ್ನೆಯಾಗಿ ಪರಿಣಮಿಸುವುದು. ಅದರ ಕಾರಣಗಳನ್ನೂ ಪರಿಹಾರಗಳನ್ನೂ ಸ್ಥೂಲವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಅನುಭವವೊಂದನ್ನು ಹೇಳುವುದು ಯುಕ್ತ. ಹದಿನಾಲ್ಕು ಸಾಲುಗಳ ಒಂದು ವೀರಗಲ್ಲಿನ ಶಾಸನವನ್ನು ಓದಿ, ಅದರ ಪಾಠವನ್ನು ಮತ್ತೊಂದು ಊರಿನ ವಿದ್ವಾಂಸಮಿತ್ರರ ಪರಿಶೀಲನೆಗೆಂದು ಇ-ಮೇಲಿನಲ್ಲಿಯೇ ಬರೆದು ಕಳುಹಿಸಿದ್ದೆವು. ಶಾಸನಪಾಠದಲ್ಲಿ ಸಾಲುಗಳ ವಿಭಾಗವನ್ನು ಕಲ್ಲಿನಲ್ಲಿರುವಂತೆಯೇ ಉಳಿಸಿ, ಪ್ರತಿ ಸಾಲಿಗೂ ಅಂಕೆ ಕೊಟ್ಟು, ಸವೆದುಹೋದ ಅಕ್ಷರವೊಂದಕ್ಕೆ ಒಂದು ಚುಕ್ಕೆಯಂತೆ ಗುರುತಿಸುವ ಪದ್ಧತಿಯನ್ನು ನಾವು ಅನುಸರಿಸುತ್ತೇವೆ. ಅಂಕೆಯನ್ನೂ ಅದರ ಮುಂದೆ ಚುಕ್ಕೆಯನ್ನೂ ಹಾಕಿದೊಡನೆ ತಂತ್ರಾಂಶವು ಅದನ್ನೊಂದು ಪಟ್ಟಿಯೆಂದು ಭಾವಿಸಿ, ಅಂಕೆಗಳನ್ನು ತಾನೇ ಹಾಕತೊಡಗಿತು. ‘ಎರಡನೆಯ ಪಟ್ಟಿಕೆ’ ಎಂಬ ಶೀರ್ಷಿಕೆಯನ್ನು ನಡುವೆ ಬರೆದಾಗ ಎಣಿಕೆ ಮತ್ತೆ ಒಂದರಿಂದ ಆರಂಭವಾಯಿತು. ಹತ್ತನೆಯ ಸಾಲು ಮೊದಲನೆಯದಾಯಿತು. ಅದನ್ನು ಅಳಿಸಿದರೆ ಸಾಲು ಒಳಸರಿಯಿತು. ಒಳಸರಿದುದನ್ನು ಎಳೆದರೆ ಹಿಂದಿನ ಸಾಲಿಗೆ ಸೇರಿಕೊಂಡಿತು. ಇದನ್ನು ಸರಿಪಡಿಸುವ ಗಡಿಬಿಡಿಯಲ್ಲಿ ಅದಕ್ಕಿಂತ ದೊಡ್ಡ ಪ್ರಮಾದವೊಂದು ನಮ್ಮ ಕಣ್ತಪ್ಪಿತು. ಒಂಬತ್ತನೆಯ ಸಾಲಿನಲ್ಲಿ ಐದು ಅಕ್ಷರಗಳು ನಷ್ಟವಾಗಿದ್ದು, ಐದು ಚುಕ್ಕೆಗಳನ್ನು ಇಟ್ಟಿದ್ದೆವು. ಒತ್ತಾಗಿ ಬಂದ ಮೂರು ಚುಕ್ಕೆಗಳನ್ನು ತಂತ್ರಾಂಶವು ಸದ್ದಿಲ್ಲದೆ ‘ಮುಚ್ಚುಚುಕ್ಕೆ’ಯ ಒಂದೇ ಸಂಕೇತವಾಗಿ ಮಾರ್ಪಡಿಸಿತ್ತು. ಮಿತ್ರರು ಪಾಠವನ್ನು ಮುದ್ರಣಕ್ಕೆ ಬಳಸುವ ಹಳೆಯ ಅಕ್ಷರವಿನ್ಯಾಸಕ್ಕೆ ಪರಿವರ್ತಿಸಿದಾಗ ಆ ಸಂಕೇತವು ಒಂದೇ ಚುಕ್ಕೆಯಾಯಿತು. ಐದು ಮೂರಾಯಿತು. ಅವರು ಸಹಜವಾಗಿಯೇ ಮೂರಕ್ಷರದ ಹೆಸರೊಂದನ್ನು ಊಹಿಸಿ ತುಂಬಿದರು. ಆ ಊಹೆ ಸೊಗಸಾಗಿಯೇ ಇದ್ದಿತು. ಅಚ್ಚಿಗೆ ಹೋಗುವ ಮುನ್ನ ಶಾಸನದ ಪಡಿಯಚ್ಚನ್ನು ಮತ್ತೊಮ್ಮೆ ಎದುರಿಗಿಟ್ಟು ನೋಡದೆ ಹೋಗಿದ್ದರೆ, ಕಲ್ಲಿನ ಮೇಲಿಲ್ಲದ ವೀರನೊಬ್ಬನು ಇತಿಹಾಸದಲ್ಲಿ ಹುಟ್ಟಿಬಿಡುತ್ತಿದ್ದನು.

ಇಂತಹ ವಿಕಾರಗಳಿಗೆ ಕಾರಣವೇನು? ಬರೆಯುವ ಕಿಟಕಿಯು ಬಿಳಿಯ ಹಾಳೆಯಂತೆ ಕಾಣುವುದು. ಆದರೆ ಅದರ ಹಿಂದಿರುವುದು ಹಾಳೆಯಲ್ಲ. ೧೯೭೧ರಲ್ಲಿ ರೇ ಟಾಮ್ಲಿನ್‌ಸನ್ನರು ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಒಂದು ಯಂತ್ರದಿಂದ ಮತ್ತೊಂದಕ್ಕೆ ಸಂದೇಶವನ್ನು ಕಳುಹಿಸಿದಾಗ ಅಲ್ಲಿದ್ದುದು ಕೇವಲ ಅಕ್ಷರಗಳ ಸಾಲು. ೧೯೮೨ರಲ್ಲಿ ಆರ್‌ಎಫ್‌ಸಿ ೮೨೨ ಎಂಬ ಹೆಸರಿನಿಂದ ಪ್ರಕಟವಾದ ನಿಯಮಾವಳಿಯೂ ಆಸ್ಕಿ ಎಂಬ ೧೨೮ ಸಂಕೇತಗಳ ಗಣವನ್ನೇ ಆಧಾರವಾಗಿಟ್ಟುಕೊಂಡಿತು. ಅದರಲ್ಲಿ ದಪ್ಪಕ್ಷರವಿಲ್ಲ, ಬಣ್ಣವಿಲ್ಲ, ಕನ್ನಡವೂ ಇಲ್ಲ. ೨೦೦೧ರ ಪರಿಷ್ಕೃತ ನಿಯಮದಂತೆ ಒಂದು ಸಾಲು ೯೯೮ ಸಂಕೇತಗಳನ್ನು ಮೀರಕೂಡದು. ೭೮ನ್ನು ಮೀರದಿರುವುದು ಲೇಸು. ಐಬಿಎಂ ಸಂಸ್ಥೆಯು ೧೯೨೮ರಲ್ಲಿ ತಂದ ರಂಧ್ರಪತ್ರದಲ್ಲಿ ೮೦ ಅಂಕಣಗಳಿದ್ದುವು. ಮುಂದೆ ಬಂದ ಗಣಕದ ತೆರೆಗಳಲ್ಲಿಯೂ ೮೦ ಅಕ್ಷರಗಳ ಸಾಲೇ ರೂಢಿಯಾಯಿತು. ೭೮ರ ಮಿತಿಯು ಆ ರೂಢಿಯ ನೆನಪು. ಉದ್ದವಾದ ಸಾಲನ್ನು ತಂತ್ರಾಂಶವು ಮಧ್ಯದಲ್ಲಿ ಮುರಿಯುವುದಕ್ಕೆ ಇದೇ ಮೂಲ. ಮುರಿದ ಸಾಲುಗಳನ್ನು ಓದುವವರ ಕಡೆ ಮತ್ತೆ ಕೂಡಿಸುವ ವಿಧಾನವೊಂದು ೧೯೯೯ರಲ್ಲಿ ರೂಪುಗೊಂಡಿತಾದರೂ ಎಲ್ಲ ತಂತ್ರಾಂಶಗಳೂ ಅದನ್ನು ಪಾಲಿಸುವುದಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಹೊರೆಯುಂಟು. ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ೧೯೯೨ರಲ್ಲಿ ಬೋರೆನ್‌ಸ್ಟೈನ್ ಮತ್ತು ಫ್ರೀಡ್ ಎಂಬವರು ರೂಪಿಸಿದ ಮೈಮ್ ಎಂಬ ವ್ಯವಸ್ಥೆಯು ಆಸ್ಕಿಯಲ್ಲದ ಬರಹವನ್ನು ಆಸ್ಕಿಯ ವೇಷದಲ್ಲಿ ಸಾಗಿಸುವ ದಾರಿಯನ್ನು ತೆರೆಯಿತು. ‘ಕನ್ನಡ’ ಎಂಬ ಪದವನ್ನೇ ನೋಡಬಹುದು. ವಿರಾಮಚಿಹ್ನೆಯೂ ಸೇರಿ ಅದರಲ್ಲಿ ಐದು ಸಂಕೇತಗಳು. ಯುಟಿಎಫ್-೮ ಪದ್ಧತಿಯಲ್ಲಿ ಒಂದೊಂದಕ್ಕೆ ಮೂರು ಬೈಟುಗಳಂತೆ ಹದಿನೈದು. ಮೈಮಿನ ಒಂದು ವಿಧಾನದಲ್ಲಿ ಒಂದೊಂದು ಬೈಟಿಗೆ ಮೂರು ಆಸ್ಕಿ ಅಕ್ಷರಗಳಂತೆ ನಲವತ್ತೈದು. ವೇಷ ತೊಡಿಸುವಾಗಲೋ ಕಳಚುವಾಗಲೋ ತಂತ್ರಾಂಶ ತಪ್ಪಿದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಮೂಡುವುವು. ಹಳಗನ್ನಡದ ವಿದ್ಯಾರ್ಥಿಗೆ ಕಷ್ಟ ಇನ್ನೂ ಅಧಿಕ. ‘ನಕಾರಪೊಲ್ಲು’ ಯೂನಿಕೋಡಿಗೆ ಸೇರಿದುದು ೨೦೨೧ರಲ್ಲಿ. ಅದಕ್ಕೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಅದರ ಸ್ಥಾನದಲ್ಲಿ ಬರಿಯ ಚೌಕವೊಂದು ಕಾಣಿಸಿಕೊಳ್ಳುವುದು.

ಮೂರನೆಯ ಸಂಗತಿಯು ಇತಿಹಾಸಕಾರನಿಗೆ ಅತ್ಯಂತ ಮುಖ್ಯವಾದುದು. ಬಣ್ಣ, ಪಟ್ಟಿ, ದಪ್ಪಕ್ಷರಗಳಿರುವ ಪತ್ರವನ್ನು ಎಚ್‌ಟಿಎಂಎಲ್ ಎಂಬ ರಚನೆಯಲ್ಲಿ ಕಟ್ಟುತ್ತಾರೆ. ಅದನ್ನು ಓದಲಾರದ ತಂತ್ರಾಂಶಗಳಿಗಾಗಿ ಅದೇ ಪತ್ರದೊಳಗೆ ಅಲಂಕಾರವಿಲ್ಲದ ಮತ್ತೊಂದು ಪ್ರತಿಯನ್ನೂ ಸೇರಿಸುವುದು ಸಾಮಾನ್ಯ. ಅಂದರೆ ಒಂದೇ ಲಕೋಟೆಯೊಳಗೆ ಎರಡು ಪಾಠಗಳಿದ್ದು, ಯಾವುದನ್ನು ತೋರಿಸಬೇಕೆಂಬುದನ್ನು ಓದುವವರ ಯಂತ್ರವೇ ನಿರ್ಧರಿಸುತ್ತದೆ. ಪಟ್ಟಿಯ ಅಂಕೆಗಳಂತೂ ಎಚ್‌ಟಿಎಂಎಲ್ ಪಠ್ಯದಲ್ಲಿ ಅಕ್ಷರರೂಪದಲ್ಲಿ ಇರುವುದೇ ಇಲ್ಲ. ಓದುವ ಯಂತ್ರವು ಆಯಾ ಹೊತ್ತಿಗೆ ಎಣಿಸಿ ಹಾಕುವುದು. ನಮ್ಮ ಮಿತ್ರರು ಉತ್ತರ ಬರೆಯುವಾಗ ತಮ್ಮ ಸೂಚನೆಗಳನ್ನು ನಮ್ಮ ಪಾಠದ ನಡುನಡುವೆಯೇ ಕೆಂಪಕ್ಷರದಲ್ಲಿ ಸೇರಿಸಿದ್ದರು. ನಮ್ಮ ತಂತ್ರಾಂಶ ತೋರಿಸಿದುದು ಅಲಂಕಾರವಿಲ್ಲದ ಪ್ರತಿಯನ್ನು. ಕೆಂಪು ಕಳೆದುಹೋಗಿ, ಅವರ ಊಹೆ ಯಾವುದು, ನಮ್ಮ ಓದು ಯಾವುದು ಎಂಬ ಭೇದವೇ ಅಳಿಸಿಹೋಗಿದ್ದಿತು. ಉತ್ತರದಲ್ಲಿ ಉದ್ಧೃತವಾದ ಹಿಂದಿನ ಪತ್ರವನ್ನು ಯಾರು ಬೇಕಾದರೂ ತಿದ್ದಬಹುದು. ತಿದ್ದಿದ ಗುರುತು ಉಳಿಯುವುದಿಲ್ಲವೆಂಬುದನ್ನು ಇಲ್ಲಿಯೇ ನೆನೆಯತಕ್ಕದ್ದು.

ಲಿಪಿಕಾರರು ಮಾಡುವ ತಪ್ಪುಗಳು ಗ್ರಂಥಸಂಪಾದನಶಾಸ್ತ್ರಕ್ಕೆ ಹೊಸವಲ್ಲ. ಓಲೆಗರಿಯ ಲಿಪಿಕಾರನು ಸಾಲು ಬಿಟ್ಟನು, ತಿಳಿಯದ ಪದವನ್ನು ತಿಳಿದ ಪದವಾಗಿ ಬರೆದನು. ಇ-ಮೇಲ್ ತಂತ್ರಾಂಶವೂ ಒಬ್ಬ ಲಿಪಿಕಾರನೇ. ಆದರೆ ಓಲೆಯ ಲಿಪಿಕಾರನ ಕೈಬರಹವನ್ನು ಕಂಡು ಅವನ ಕಾಲವನ್ನೂ ಅಭ್ಯಾಸವನ್ನೂ ಅನುಮಾನಿಸಬಹುದು. ಈತನ ಕೈಬರಹ ಮಾತ್ರ ಮೂಲಲೇಖಕನದರಂತೆಯೇ ಇರುವುದು. ೧೯೧೬ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳನ್ನು ಬೆಳಕಿಗೆ ತಂದಾಗ, ಅವು ಬರೆದು ನೂರು ವರ್ಷಗಳಿಗೂ ಮಿಗಿಲಾಗಿದ್ದಿತು. ಆದರೂ ಬರೆದವರು ಹಾಕಿದ ಸಾಲು ಕಾಗದದ ಮೇಲೆ ಹಾಕಿದಲ್ಲಿಯೇ ಇದ್ದಿತು. ನಮ್ಮ ಕಾಲದ ಪತ್ರಗಳಿಗೆ ಆ ಭಾಗ್ಯವುಂಟೆಂದು ನಂಬುವಂತಿಲ್ಲ.

ಹಾಗೆಂದು ಇ-ಮೇಲನ್ನು ತ್ಯಜಿಸುವುದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಕೆಲವು ಎಚ್ಚರಿಕೆಗಳು ಸಾಕು. ಪಾಠವನ್ನು ಸರಳವಾದ ಪಠ್ಯಸಂಪಾದಕದಲ್ಲಿ ಬರೆದು ಕಡತವಾಗಿ ಉಳಿಸಿಕೊಳ್ಳಬೇಕು. ಅದನ್ನು ಪತ್ರದ ಒಡಲಿಗೆ ಅಂಟಿಸದೆ ಲಗತ್ತಾಗಿ ಕಳುಹಿಸಬೇಕು. ಜೊತೆಗೆ ಪಿಡಿಎಫ್ ಪ್ರತಿಯೊಂದಿದ್ದರೆ ಎರಡನ್ನೂ ಹೋಲಿಸಿ ನೋಡಲು ಅನುಕೂಲ. ತಾನಾಗಿ ತಿದ್ದುವ ಸೌಲಭ್ಯವನ್ನೂ ಪಟ್ಟಿ ಕಟ್ಟುವ ಸೌಲಭ್ಯವನ್ನೂ ಮೊದಲೇ ನಿಲ್ಲಿಸಿಡುವುದು ಒಳ್ಳೆಯದು. ನಷ್ಟಾಕ್ಷರಗಳಿಗೆ ಚುಕ್ಕೆಯ ಜೊತೆಗೆ ‘ಐದು ಅಕ್ಷರ ನಷ್ಟ’ ಎಂದು ಮಾತಿನಲ್ಲಿಯೂ ಬರೆಯಬೇಕು. ಚುಕ್ಕೆಗಳು ಕರಗಿದರೂ ಮಾತು ಉಳಿಯುವುದು. ತಿದ್ದುಪಡಿಯನ್ನು ಬಣ್ಣದಿಂದ ಸೂಚಿಸದೆ, ಪ್ರತಿಯೊಂದರ ಹಿಂದೆಯೂ ತಿದ್ದಿದವರ ಹೆಸರಿನ ಮೊದಲಕ್ಷರವನ್ನು ಹಾಕಬೇಕು. ವಿಳಾಸವನ್ನು ಕಟ್ಟಕಡೆಗೆ ತುಂಬುವ ಅಭ್ಯಾಸವೂ ಒಳ್ಳೆಯದು. ಬೆರಳು ತಪ್ಪಿ ಅರ್ಧ ಪತ್ರ ಹೊರಟುಹೋಗುವ ಅಪಾಯ ಅದರಿಂದ ತಪ್ಪುವುದು. ಮುಖ್ಯವಾದ ಪತ್ರಗಳನ್ನು ಅಚ್ಚುಮಾಡಿ ಇಡುವುದಷ್ಟೇ ಸಾಲದು. ಅವು ಬಂದ ಮೂಲರೂಪದ ಕಡತವನ್ನೂ ವಿಭಾಗದ ಸಂಗ್ರಹದಲ್ಲಿ ಕಾಪಾಡಬೇಕು. ಎರಡು ಪಾಠಗಳೂ ಅದರಲ್ಲಿ ಉಳಿದಿರುತ್ತವೆ.

ಎಲ್ಲಕ್ಕಿಂತ ಮಿಗಿಲಾಗಿ, ಇ-ಮೇಲಿನಲ್ಲಿ ಬಂದ ಪಾಠವನ್ನು ಪ್ರತಿಯೆಂದು ತಿಳಿಯಬೇಕೇ ಹೊರತು ಮೂಲವೆಂದು ತಿಳಿಯಬಾರದು. ನಮ್ಮ ಒಂಬತ್ತನೆಯ ಸಾಲಿನಲ್ಲಿ ಐದು ಅಕ್ಷರಗಳು ಈಗಲೂ ಖಾಲಿಯಾಗಿಯೇ ಇವೆ. ಆ ವೀರನ ಹೆಸರನ್ನು ನಾವು ಬಲ್ಲವರಲ್ಲ. ಅದನ್ನು ಹಾಗೆಯೇ ಅಚ್ಚುಮಾಡಿಸಿದ್ದೇವೆ.