ದೂರದಿಂದ ಬಂದವರ ಕ್ಯಾಮೆರಾದಲ್ಲಿ ಹಳೇಬೀಡು

ಶಾಲಾ ಪ್ರವಾಸದ ದಿನಗಳು ಬಂದವೆಂದರೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಂಗಳ ಮಕ್ಕಳಿಂದ ತುಂಬಿಹೋಗುತ್ತದೆ. ನಂದಿಯ ಮುಂದೆ ಒಂದು, ಮೆಟ್ಟಿಲ ಮೇಲೆ ಒಂದು, ಗೆಳತಿಯರ ಜೊತೆಗೆ ಇನ್ನೊಂದು ಎಂದು ಗಂಟೆಯೊಳಗೆ ನೂರಾರು ಚಿತ್ರಗಳು ಫೋನುಗಳೊಳಗೆ ಸೇರಿಕೊಳ್ಳುತ್ತವೆ. ಇದೇ ಅಂಗಳದಲ್ಲಿ ಒಂದೇ ಒಂದು ಚಿತ್ರಕ್ಕಾಗಿ ನಿಮಿಷಗಟ್ಟಲೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಕಾಲವೂ ಇತ್ತು. ಆಗ ಕ್ಯಾಮೆರಾ ಹೊತ್ತು ಬಂದವರು ಈ ಊರಿನವರಲ್ಲ, ಈ ದೇಶದವರೂ ಅಲ್ಲ. ಛಾಯಾಗ್ರಹಣ ಅವರ ಕಸುಬೂ ಆಗಿರಲಿಲ್ಲ.

1854ರ ಡಿಸೆಂಬರ್. ಬೆಂಗಳೂರಿಗೆ ಇನ್ನೂ ರೈಲು ಬಂದಿರಲಿಲ್ಲ. ಅದು ಬಂದದ್ದು 1864ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಮತ್ತು ಅದೇ ಸೈನ್ಯದ ವೈದ್ಯ ಡಾ. ಆಂಡ್ರ್ಯೂ ನೀಲ್ ಮೈಸೂರು ಸೀಮೆಯ ಪ್ರವಾಸ ಹೊರಟರು. ಹಳೇಬೀಡು, ಬೇಲೂರು, ಶ್ರವಣಬೆಳಗೊಳ ಅವರು ಕಂಡ ಊರುಗಳು. ಟ್ರೈಪ್ ಹುಟ್ಟಿದ್ದು ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ, 1822ರಲ್ಲಿ. ರಜೆಯ ಮೇಲೆ ತಾಯ್ನಾಡಿಗೆ ಹೋದಾಗ ಹೊಸದಾಗಿ ಬಂದಿದ್ದ ಈ ಕಲೆಯ ಹುಚ್ಚು ಹಿಡಿಸಿಕೊಂಡು, ಸಲಕರಣೆಗಳೊಂದಿಗೆ ಬೆಂಗಳೂರಿಗೆ ಮರಳಿದ್ದರು. ಭಾರತದಲ್ಲಿ ಅವರು ತೆಗೆದ ಮೊದಲ ದೊಡ್ಡ ಚಿತ್ರಮಾಲೆ ಇಂದಿನ ಹಾಸನ ಜಿಲ್ಲೆಯದು ಎಂಬುದು ಜಿಲ್ಲೆಯ ಅನೇಕರಿಗೇ ತಿಳಿಯದ ಸಂಗತಿ.

ಮರುವರ್ಷ, 1855ರಲ್ಲಿ, ಮದರಾಸಿನಲ್ಲಿ ನಡೆದ ಪ್ರದರ್ಶನದಲ್ಲಿ ಟ್ರೈಪ್ 68 ಚಿತ್ರಗಳನ್ನು ಇಟ್ಟರು. ತೀರ್ಪುಗಾರರು ಪ್ರಥಮ ದರ್ಜೆಯ ಪದಕ ಕೊಟ್ಟರು. ಈ ಹವ್ಯಾಸಿಯ ಕೈಚಳಕ ಸರ್ಕಾರದ ಗಮನಕ್ಕೂ ಬಂತು. ಬರ್ಮಾಕ್ಕೆ ಹೊರಟ ರಾಯಭಾರ ತಂಡದೊಂದಿಗೆ ಅವರನ್ನು ಕಳುಹಿಸಲಾಯಿತು; ಆಮೇಲೆ ಮದರಾಸು ಪ್ರಾಂತ್ಯದ ಅಧಿಕೃತ ಛಾಯಾಗ್ರಾಹಕರ ಹುದ್ದೆಯೂ ದೊರೆಯಿತು.

ಮೇಣದ ಕಾಗದದ ಮೇಲೆ ಬೆಳಕು

ಅಂದಿನ ವಿಧಾನವನ್ನು ವಿಜ್ಞಾನದ ವಿದ್ಯಾರ್ಥಿಗಳು ಅಗತ್ಯವಾಗಿ ತಿಳಿಯಬೇಕು. ಫಿಲ್ಮ್ ರೋಲು ಇನ್ನೂ ಹುಟ್ಟಿರಲಿಲ್ಲ. ಟ್ರೈಪ್ ಬಳಸುತ್ತಿದ್ದುದು ಕಾಗದದ ನೆಗೆಟಿವ್. ಮೊದಲು ತೆಳುವಾದ ಕಾಗದಕ್ಕೆ ಮೇಣ ಹಿಡಿಸಿ, ಅಯೊಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಅನಂತರ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿದರೆ ಕಾಗದಕ್ಕೆ ಬೆಳಕನ್ನು ಹಿಡಿಯುವ ಗುಣ ಬರುತ್ತದೆ. ಅದನ್ನು ಕ್ಯಾಮೆರಾದೊಳಗಿಟ್ಟು, ಮಸೂರದ ಮುಚ್ಚಳ ತೆಗೆದು, ಹಲವು ನಿಮಿಷ ಅಲುಗಾಡದಂತೆ ಬಿಡಬೇಕು. ಕತ್ತಲೆಯಲ್ಲಿ ಗ್ಯಾಲಿಕ್ ಆಮ್ಲದಲ್ಲಿ ತೊಳೆದಾಗ ಚಿತ್ರ ನಿಧಾನವಾಗಿ ಮೂಡುತ್ತದೆ. ಆ ನೆಗೆಟಿವ್‌ನ ಅಡಿಯಲ್ಲಿ ಇನ್ನೊಂದು ಕಾಗದ ಇಟ್ಟು ಬಿಸಿಲಿಗೆ ಹಿಡಿದರೆ ಪ್ರತಿ ಸಿದ್ಧ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು, ಹಿಗ್ಗಿಸುವ ಮಾತಿಲ್ಲ.

ಗಾಜಿನ ಹಲಗೆಯ ಮೇಲೆ ಚಿತ್ರ ತೆಗೆಯುವ ವಿಧಾನವೂ ಆಗಲೇ ಬಂದಿತ್ತು. ಆದರೆ ಗಾಜನ್ನು ಸ್ಥಳದಲ್ಲೇ ಲೇಪಿಸಿ, ಹಸಿ ಆರುವ ಮುನ್ನ ತೊಳೆಯಬೇಕಿತ್ತು. ಮೇಣದ ಕಾಗದವನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು, ಚಿತ್ರ ತೆಗೆದ ಮೇಲೆ ಬಿಡುವಾದಾಗ ತೊಳೆಯಬಹುದಿತ್ತು. ದೂರ ಪ್ರಯಾಣ ಮಾಡುವವರಿಗೆ ಇದೇ ಅನುಕೂಲ. ಕಷ್ಟಗಳೂ ಇದ್ದವು. ಆ ಕಾಗದ ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವೆಲ್ಲ ಬರಿಯ ಬಿಳುಪಾಗಿ ಬರುತ್ತಿತ್ತು. ಟ್ರೈಪ್ ತಮ್ಮ ಎಷ್ಟೋ ನೆಗೆಟಿವ್‌ಗಳ ಮೇಲೆ ಕುಂಚದಿಂದ ಮೋಡಗಳನ್ನು ಬರೆದು ಈ ಕೊರತೆ ತುಂಬಿದರು. ಚಿತ್ರವನ್ನು ‘ತಿದ್ದುವುದು’ ಕಂಪ್ಯೂಟರ್ ಯುಗದ ಆವಿಷ್ಕಾರವೇನೂ ಅಲ್ಲ!

ಒಂದು ಗುಡಿ, 56 ಚಿತ್ರ

ಟ್ರೈಪ್ ಮತ್ತು ನೀಲ್ ಹೋದ ಕೆಲವೇ ವರ್ಷಗಳಲ್ಲಿ ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಇನ್ನೊಬ್ಬ ಸೇನಾಧಿಕಾರಿಯ ಕ್ಯಾಮೆರಾ ಹಳೇಬೀಡನ್ನು ಕಂಡಿತು. ಇವರು ಹತ್ತೂರು ಸುತ್ತಲಿಲ್ಲ. ಒಂದೇ ದೇವಾಲಯದ ಸುತ್ತ ತಿರುಗಿ, ಗೋಡೆಯ ಪಟ್ಟಿಕೆಗಳನ್ನು ಒಂದೊಂದಾಗಿ ತೆಗೆದರು. 56 ಚಿತ್ರಗಳ ಆ ಪುಸ್ತಕ 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1866ರಲ್ಲಿ ಹೊರಬಂದ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಗ್ರಂಥದಲ್ಲಿ ಡಾ. ನೀಲ್ ಅವರ ಚಿತ್ರಗಳೂ ಸೇರಿದವು. ಅದಕ್ಕೆ ಟಿಪ್ಪಣಿ ಬರೆದವರು ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್.

ಈ ಹಳೆಯ ಚಿತ್ರಗಳಿಂದ ಪ್ರಯೋಜನವೇನು? ಉತ್ತರ ಹಳೇಬೀಡಿನಲ್ಲೇ ಇದೆ. ಎರಡನೆಯ ವೀರಬಲ್ಲಾಳನ ಕಾಲದ ಕೇದಾರೇಶ್ವರ ದೇವಾಲಯಕ್ಕೆ ಇಂದು ಶಿಖರವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಶಿಖರದ ಸಂದಿಯಲ್ಲಿ ಮರವೊಂದು ಬೇರುಬಿಟ್ಟಿತು. ಬೇರು ದಪ್ಪವಾದಂತೆ ಕಲ್ಲುಗಳು ಸಡಿಲವಾದವು. ಕೊನೆಗೆ ಶಿಖರವೇ ಕುಸಿಯಿತು. ಆದರೆ ಅದಕ್ಕೆ ಮುಂಚೆಯೇ ಯಾರೋ ಕ್ಯಾಮೆರಾ ಹಿಡಿದಿದ್ದರು. ಫರ್ಗುಸನ್ 1876ರ ತಮ್ಮ ಗ್ರಂಥದಲ್ಲಿ ಆ ಗುಡಿಯ ಚಿತ್ರವನ್ನು ಛಾಯಾಚಿತ್ರ ನೋಡಿಯೇ ಕೆತ್ತಿಸಿ ಅಚ್ಚು ಹಾಕಿಸಿದರು. ಕಲ್ಲು ಉಳಿಸಿಕೊಳ್ಳಲಾರದ ಶಿಖರವನ್ನು ಕಾಗದ ಉಳಿಸಿಕೊಂಡಿತು.

ಇಂಥದೇ ಮತ್ತೊಂದು ಕಥೆ ಹಂಪಿಯದು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣದ ಕಾಗದದ ಮೇಲೆ ಹಂಪಿಯ ಚಿತ್ರ ತೆಗೆದಿದ್ದರು. ಆ ನೆಗೆಟಿವ್‌ಗಳು ಇಂಗ್ಲೆಂಡಿನಲ್ಲಿ ಕಣ್ಮರೆಯಾಗಿದ್ದು, 1980ರಲ್ಲಿ ಮತ್ತೆ ದೊರೆತವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ಎಲ್ಲೆಲ್ಲಿ ನಿಂತಿದ್ದರೋ ಅಲ್ಲಲ್ಲೇ ನಿಂತು ಅದೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಿದ್ದ ಕಂಬ ಯಾವುದು, ಹೊಸದಾಗಿ ನಿಲ್ಲಿಸಿದ್ದು ಯಾವುದು ಎಂಬುದು ಕಣ್ಣಿಗೇ ಕಾಣುತ್ತದೆ.

ಕಾಣದೆ ಹೋದವರು

ಆ ಚಿತ್ರಗಳಲ್ಲಿ ಇಲ್ಲದ್ದೂ ಒಂದಿದೆ: ಊರಿನ ಜನಜೀವನ. ಹಲವು ನಿಮಿಷ ತೆರೆದಿರುವ ಕ್ಯಾಮೆರಾದ ಮುಂದೆ ನಡೆದು ಹೋದವರು ಚಿತ್ರದಲ್ಲಿ ಮೂಡುವುದೇ ಇಲ್ಲ. ಬಂದವರ ಗಮನವೂ ಶಿಲ್ಪದ ಮೇಲಿತ್ತು. ಹೀಗಾಗಿ 1854ರ ಹಳೇಬೀಡಿನ ಕಲ್ಲಾನೆಯ ಸೊಂಡಿಲಿನ ಗೆರೆ ಇಂದಿಗೂ ಕಾಣುತ್ತದೆ; ಅದರ ಪಕ್ಕದ ಬೀದಿಯಲ್ಲಿ ನೀರು ಹೊತ್ತು ಹೋದ ಹೆಂಗಸಿನ ಮುಖ ಕಾಣುವುದಿಲ್ಲ.

ಈಗ ಚಕ್ರ ತಿರುಗಿದೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಮಕ್ಕಳು ವಿದೇಶಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಅಲ್ಲಿನ ಹಿಮ, ಅಲ್ಲಿನ ರಸ್ತೆಯ ಚಿತ್ರಗಳು ಇಲ್ಲಿನ ತಂದೆತಾಯಿಯರ ಫೋನಿಗೆ ಬರುತ್ತವೆ. ಮಗ ಚೆನ್ನಾಗಿದ್ದಾನೆಂಬ ಸಮಾಧಾನ ಅವರಿಗೆ. ಆದರೆ ಗೋಪುರದ ಮುಂದೆ ನಿಂತ ನಗುಮುಖಕ್ಕಿಂತ, ಮಗ ದಿನವೂ ಬಸ್ಸು ಹತ್ತುವ ನಿಲ್ದಾಣ, ಅನ್ನ ಮಾಡಿಕೊಳ್ಳುವ ಒಲೆ, ಓದುವ ಮೇಜು ಇವುಗಳ ಚಿತ್ರ ತಾಯಿಗೆ ಹೆಚ್ಚು ಸುದ್ದಿ ಹೇಳುತ್ತದೆ. ಅರಕಲಗೂಡು ತಾಲ್ಲೂಕಿನ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಕ್ಕೆ ಹೋಗಿಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪರದೇಶವನ್ನು ಹಳ್ಳಿಯ ಕಣ್ಣಿನಿಂದ ಕಂಡದ್ದೇ ಆ ಬರಹದ ಸೊಗಸು. ಕ್ಯಾಮೆರಾಕ್ಕೂ ಇದೇ ಮಾತು ಸಲ್ಲುತ್ತದೆ. ದಿನನಿತ್ಯದ ಬದುಕೇ ದೊಡ್ಡ ವಸ್ತು ಎಂದು ತೋರಿಸಿಕೊಟ್ಟ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ವಿದ್ಯಾರ್ಥಿಗಳು ಹುಡುಕಿ ನೋಡಬೇಕು.

ಊರಿನಲ್ಲಿ ಉಳಿದವರ ಹೊಣೆಯೂ ಸಣ್ಣದಲ್ಲ. ಹಾಸನದ ಬಳಿಯ ಬೂವನಹಳ್ಳಿಯನ್ನೇ ನೋಡಿ. 2007ರಲ್ಲಿ ವಿಮಾನ ನಿಲ್ದಾಣಕ್ಕೆ ಶಂಕುಸ್ಥಾಪನೆಯಾದ ಊರು ಅದು. ವಿಮಾನದಾರಿಗೆ ನೆಲ ಬೇಕೆಂದಾಗ ಹೊಲದ ಬದು, ಬಂಡಿದಾರಿ, ಆಲೂಗಡ್ಡೆ ಕಿತ್ತು ರಾಶಿ ಹಾಕುತ್ತಿದ್ದ ಜಾಗ ಇವೆಲ್ಲ ನೆನಪಿಗೆ ಸರಿಯುತ್ತವೆ. ಬೇಲೂರು, ಹಳೇಬೀಡಿನ ಗುಡಿಗಳಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಅವುಗಳ ಚಿತ್ರ ತೆಗೆಯುವವರಿಗೆ ಕೊರತೆಯಿಲ್ಲ. ಅಜ್ಜನ ಕಣಜ, ಊರ ಕಟ್ಟೆ, ಸಂತೆಯ ದಿನದ ಬಸ್ಸಿನ ಚಿತ್ರ ತೆಗೆಯಲು ಮಾತ್ರ ಮನೆಯವರೇ ಬೇಕು.

ರಜೆಯಲ್ಲಿ ಮಕ್ಕಳು ಮಾಡಬಹುದಾದ ಕೆಲಸವೊಂದಿದೆ. ಟ್ರಂಕಿನಲ್ಲಿರುವ ಹಳೆಯ ಫೋಟೋ ಒಂದನ್ನು ಆರಿಸಿ, ಅದನ್ನು ತೆಗೆದ ಜಾಗವನ್ನು ಹಿರಿಯರಿಂದ ಕೇಳಿ ತಿಳಿದು, ಅಲ್ಲೇ ನಿಂತು ಇನ್ನೊಂದು ಚಿತ್ರ ತೆಗೆಯಬೇಕು. ಎರಡರ ಹಿಂದೆಯೂ ಊರು, ದಿನಾಂಕ, ಚಿತ್ರದಲ್ಲಿರುವವರ ಹೆಸರನ್ನು ಮೆತ್ತನೆಯ ಪೆನ್ಸಿಲಿನಿಂದ ಬರೆಯಬೇಕು. ಫೋನಿನಲ್ಲಿರುವ ಚಿತ್ರಗಳಲ್ಲಿ ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಮುದ್ರಿಸಿ ಇಡಬೇಕು. ಹೆಸರು ಹೇಳಬಲ್ಲ ಅಜ್ಜಿ ಜೊತೆಯಲ್ಲಿರುವಾಗಲೇ ಇದು ಆಗಬೇಕಾದ ಕೆಲಸ. ಟ್ರೈಪ್, ನೀಲ್, ಓಕ್ಲಿ ತೆಗೆದದ್ದು ಯಾವ ಊರಿನ ಗುಡಿ ಎಂದು ಇಂದಿಗೂ ತಿಳಿಯುವುದು ಚಿತ್ರದ ಜೊತೆಗೆ ಊರಿನ ಹೆಸರೂ ಉಳಿದು ಬಂದದ್ದರಿಂದಲೇ.